ಸಾಮಾಜಿಕ ಜಾಲತಾಣಗಳ ಕಾಲದಲ್ಲಿ ನಮ್ಮ ಕನ್ನಡ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಸಾಮಾಜಿಕ ಜಾಲತಾಣಗಳು ಟಿ.ವಿ.ಯನ್ನೂ ಭಾಷೆಯನ್ನೂ ನಮ್ಮ ಸಭೆ-ಸಮಾರಂಭಗಳನ್ನೂ ಹೇಗೆ ಬದಲಿಸುತ್ತಿವೆ ಎಂಬ ವಿಷಯವನ್ನು ಸಮಿತಿಯವರು ನನಗೆ ಒಪ್ಪಿಸಿದ್ದಾರೆ. ಲೋಕವ್ಯಾಪಿಯಾದ ಈ ವಿಷಯವನ್ನು ನಾನು ಕಾಸರಗೋಡಿನ ನೆಲಕ್ಕೆ ಸೀಮಿತಗೊಳಿಸಿ ಮಾತನಾಡುತ್ತೇನೆ. ಬೆಂಗಳೂರಿನಲ್ಲಿರುವವರಿಗೆ ಮೊಬೈಲು ಬಹುಮಟ್ಟಿಗೆ ಮನರಂಜನೆಯ ಪ್ರಶ್ನೆಯಾಗಿರಬಹುದು. ಗಡಿನಾಡಿನ ನಮಗೆ ಅದು ಮಕ್ಕಳ ಕಿವಿಗೆ ಯಾವ ಭಾಷೆ ಬೀಳುತ್ತದೆ, ಕೈಗೆ ಯಾವ ಲಿಪಿ ಹತ್ತುತ್ತದೆ ಎಂಬ ಪ್ರಶ್ನೆ.

1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ 'ರಾಮಾಯಣ' ಆರಂಭವಾದದ್ದು ಇಲ್ಲಿರುವ ಐವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದ ಮನೆಯ ಚಾವಡಿ ತುಂಬುತ್ತಿತ್ತು. ಹಿಂದಿ ತಿಳಿದವರು ತಿಳಿಯದವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಿದ್ದರು. ಬಯಲಾಟ ನೋಡಿ ಬೆಳೆದ ಅಜ್ಜಿಯಂದಿರಿಗಂತೂ ಆ ನೆರವೂ ಬೇಕಿರಲಿಲ್ಲ, ಕಥೆ ಅವರಿಗೆ ನಟರಿಗಿಂತ ಚೆನ್ನಾಗಿ ಗೊತ್ತಿತ್ತು. ಅದೇ ಧಾರಾವಾಹಿ 2020ರ ಲಾಕ್‌ಡೌನಿನಲ್ಲಿ ಮರುಪ್ರಸಾರವಾಯಿತು. ಈ ಬಾರಿ ಮನೆಯವರು ಒಂದೇ ಕೋಣೆಯಲ್ಲಿ ಕುಳಿತು ನೋಡಿದರೂ ಅದರ ಕುರಿತ ಮಾತು ನಡೆದದ್ದು ಅವರವರ ಕೈಯಲ್ಲಿದ್ದ ಫೋನಿನೊಳಗೆ. ಟಿ.ವಿ. ತೋರಿಸಿದ್ದನ್ನು ಊರು ಮಾತಾಡಿಕೊಳ್ಳುತ್ತಿದ್ದ ಕಾಲ ಹೋಯಿತು. ಊರು ಫೋನಿನಲ್ಲಿ ಹಂಚಿಕೊಂಡದ್ದನ್ನು ಟಿ.ವಿ. ತೋರಿಸುವ ಕಾಲ ಬಂದಿದೆ. ವಾರ್ತೆ ಓದುವವರು ಒಂದು ದೃಶ್ಯವನ್ನು ತೋರಿಸಲು ಕೊಡುವ ಕಾರಣ ಅನೇಕ ಸಲ ಒಂದೇ: ಅದು 'ವೈರಲ್' ಆಗಿದೆ.

ಹಾಗೆಂದು ನಾನು ಮೊಬೈಲನ್ನು ಶಪಿಸುವವರ ಸಾಲಿಗೆ ಸೇರಿದವಳಲ್ಲ. ಸಪ್ತಭಾಷೆಗಳ ಸಂಗಮವೆಂದು ನಾವು ಹೆಮ್ಮೆಪಡುವ ಈ ಜಿಲ್ಲೆಯ ಮನೆಮಾತುಗಳಿಗೆ ಟಿ.ವಿ. ಎಂದೂ ಸರಿಯಾದ ಮಣೆ ಹಾಕಲಿಲ್ಲ. 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಕನ್ನಡವೇನೋ ಮನೆತುಂಬ ಕೇಳಿತು, ಆದರೆ ಅದು ಹೆಚ್ಚಾಗಿ ಬೆಂಗಳೂರಿನ ಧಾರಾವಾಹಿಗಳ ಕನ್ನಡ. ನಮ್ಮ ಮಾತಿನ ಧಾಟಿ ಅಲ್ಲಿ ಕೇಳಿಸಿದರೆ ಅದು ಬಹುಪಾಲು ನಗಿಸುವ ಪಾತ್ರದ ಬಾಯಲ್ಲಿ. ಇಂದು ಹವ್ಯಕ ಕನ್ನಡದಲ್ಲಿ ಅಡುಗೆ ಹೇಳಿಕೊಡುವವರಿದ್ದಾರೆ, ತುಳುವಿನಲ್ಲಿ ಹಾಸ್ಯ ಮಾಡುವವರಿದ್ದಾರೆ. ಯಾವ ವಾಹಿನಿಯ ಅನುಮತಿಯೂ ಅವರಿಗೆ ಬೇಕಾಗಿಲ್ಲ. ಇದು ಸಣ್ಣ ಲಾಭವಲ್ಲ.

ಇನ್ನು ಭಾಷೆಯ ವಿಚಾರ. 'ಫಾರ್ವರ್ಡ್ ಮಾಡು', 'ಲೈಕ್ ಕೊಡು', 'ಬ್ಲಾಕ್ ಮಾಡು' ಎಂಬ ಮಾತುಗಳಿಂದ ಕನ್ನಡ ಕೆಟ್ಟಿತೆಂದು ಚಿಂತಿಸುವ ಹಿರಿಯರಿದ್ದಾರೆ. ನನಗೆ ಆ ಚಿಂತೆಯಿಲ್ಲ. ಅರ್ಜಿ, ಕಚೇರಿ, ಮೇಜು, ಪೆನ್ಸಿಲುಗಳನ್ನು ಅರಗಿಸಿಕೊಂಡ ಭಾಷೆ ಇವನ್ನೂ ಅರಗಿಸಿಕೊಳ್ಳುತ್ತದೆ. ನನ್ನ ಆತಂಕ ಪದಗಳ ಬಗೆಗಲ್ಲ, ಅಕ್ಷರಗಳ ಬಗೆಗೆ.

ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪನ್ನೇ ನೋಡಿ. ಒಂದನೆಯ ತರಗತಿಯಿಂದ ಇಲ್ಲಿ ಕನ್ನಡದಲ್ಲೇ ಕಲಿತವರು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಾರೆ. ಇದಕ್ಕೆ ಕಾರಣವೂ ಇತ್ತು. ಮೊದಮೊದಲ ಫೋನುಗಳಲ್ಲಿ ಕನ್ನಡ ಮೂಡುತ್ತಿರಲಿಲ್ಲ, ಅಕ್ಷರದ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು. ಇಂದಿನ ಸ್ಮಾರ್ಟ್‌ಫೋನುಗಳಲ್ಲಿ ಕನ್ನಡದ ಕೀಲಿಮಣೆಯಿದೆ, ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಸೌಲಭ್ಯವೂ ಇದೆ. ಚೌಕಗಳು ಹೋದವು, ಅಭ್ಯಾಸ ಉಳಿಯಿತು. ಆ ಲಿಪಿಯಲ್ಲಿ 'ಹಳ್ಳಿ'ಯೂ 'ಹಲ್ಲಿ'ಯೂ ಒಂದೇ. 'ಬೆಲೆ', 'ಬೆಳೆ', 'ಬೇಳೆ' ಮೂರೂ ಒಂದೇ. "ಈ ವರ್ಷ ಬೆಳೆ ಕಡಿಮೆ" ಎಂದು ಅಡಿಕೆ ತೋಟದವರೊಬ್ಬರು ಹಾಗೆ ಬರೆದರೆ, ಇಳುವರಿ ಕುಸಿಯಿತೋ ಧಾರಣೆ ಕುಸಿಯಿತೋ ಎಂದು ಫೋನು ಮಾಡಿಯೇ ಕೇಳಬೇಕು! ದೊಡ್ಡವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಕನ್ನಡದ ಪತ್ರಿಕೆಯಿಲ್ಲದ, ಪೇಟೆಯ ಫಲಕಗಳಲ್ಲಿ ಕನ್ನಡ ಅಪರೂಪವಾಗಿ ಕಾಣುವ ಮಗುವಿಗೆ ಲ-ಳಗಳ, ಹ್ರಸ್ವ-ದೀರ್ಘಗಳ ಅಂತರ ತಿಳಿಯುವುದು ಹೇಗೆ? ಏಳನೆಯ ತರಗತಿಯ ಉತ್ತರಪತ್ರಿಕೆಗಳಲ್ಲಿ ಈ ಗೊಂದಲ ಈಗಲೇ ಕಾಣುತ್ತಿದೆ. ಕನ್ನಡವನ್ನು ನಿರರ್ಗಳವಾಗಿ ಆಡುವ ಮಕ್ಕಳೇ ಬರೆಯಲು ಕುಳಿತಾಗ ತಡವರಿಸುತ್ತಾರೆ. ಚಿಟಿಕೆ ಹೊಡೆಯುವುದರೊಳಗೆ ಧ್ವನಿಸಂದೇಶ ಕಳುಹಿಸಬಹುದಾದಾಗ ಬರೆಯುವ ಕಷ್ಟ ಯಾರಿಗೆ ಬೇಕು ಎಂದು ಒಬ್ಬ ಹುಡುಗ ನನ್ನನ್ನೇ ಕೇಳಿದ್ದಾನೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಅದು ರಾಜ್ಯಗಳಿಗೆ ಹೇಳುತ್ತದೆ. ಅಂದಿನಿಂದ ನಮ್ಮ ಹಿರಿಯರು ಅರ್ಜಿ ಬರೆದರು, ಮೆರವಣಿಗೆ ಮಾಡಿದರು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿದ ಮೇಲೂ ಆ ಕನಸನ್ನು ಬಿಡಲಿಲ್ಲ. 2017ರಲ್ಲಿ ಮಲಯಾಳ ಕಡ್ಡಾಯದ ಪ್ರಶ್ನೆ ಬಂದಾಗಲೂ ಕನ್ನಡಿಗರು ಬೀದಿಗಿಳಿದರು, ಆ ಸುದ್ದಿ ಫೋನಿನಿಂದ ಫೋನಿಗೆ ಹಬ್ಬಿತು. ಆದರೆ ಇವೆಲ್ಲ ತರಗತಿಯ ಕೋಣೆಯನ್ನು ಕಾಯುವ ಹೋರಾಟಗಳು. ಸಂಜೆ ನಾಲ್ಕರ ಮೇಲೆ ಮಗುವಿನ ಅಂಗೈಯಲ್ಲಿ ಯಾವ ಲಿಪಿಯಿರಬೇಕೆಂದು ಹೇಳುವ ವಿಧಿ ಯಾವ ಸಂವಿಧಾನದಲ್ಲೂ ಇಲ್ಲ. ಅಲ್ಲಿ ಮನೆಯವರದೇ ಆಡಳಿತ.

2018ರಲ್ಲಿ ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಚಿತ್ರ ಬಂದಾಗ ಅದರ ತುಣುಕುಗಳನ್ನು ನಾವೆಲ್ಲ ಹಂಚಿದೆವು. ನಮ್ಮ ಸಂಕಟ ಕರ್ನಾಟಕದ ಮನೆಮನೆಗೆ ತಿಳಿಯಿತು, ಒಳ್ಳೆಯದೇ ಆಯಿತು. ಕಣ್ಣೀರಿನ ಚಿಹ್ನೆಯೊಂದಿಗೆ ಆ ತುಣುಕುಗಳನ್ನು ಹಂಚಿದ ಕೈಗಳಲ್ಲಿ ಕೆಲವು ಮುಂದಿನ ಜೂನ್‌ನಲ್ಲಿ ಮಕ್ಕಳ ಪ್ರವೇಶದ ಅರ್ಜಿಯನ್ನು ಬೇರೆ ಮಾಧ್ಯಮದ ಶಾಲೆಯಲ್ಲಿ ತುಂಬಿದ್ದನ್ನೂ ಕಂಡಿದ್ದೇನೆ. ಅವರಿಗೆ ಅವರದೇ ಕಾರಣಗಳಿದ್ದಾವು. ದೂರುವುದಕ್ಕಾಗಿ ಹೇಳುತ್ತಿಲ್ಲ. ಹಂಚುವುದು ಸುಲಭ, ಸೇರಿಸುವುದು ಕಷ್ಟ ಎಂಬುದನ್ನು ಹಾಜರಿ ಪುಸ್ತಕ ನೋಡುವ ನಾನು ಹೇಳದಿದ್ದರೆ ಬೇರೆ ಯಾರು ಹೇಳಬೇಕು?

ಸಾರ್ವಜನಿಕ ಸಮಾರಂಭಗಳ ಬಗ್ಗೆ ಹೇಳುವಾಗ ತಾಳಮದ್ದಳೆಯನ್ನೇ ಎತ್ತಿಕೊಳ್ಳುತ್ತೇನೆ. ಪಾರ್ತಿಸುಬ್ಬ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ನೆಲ ನಮ್ಮದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಆಶುವಾಗಿ ಮಾತು ಕಟ್ಟುತ್ತಾರೆ. ವಾಲಿ ಕೇಳಿದ್ದಕ್ಕೆ ರಾಮ ಉತ್ತರಿಸಬೇಕು, ಆ ಉತ್ತರದೊಳಗಿಂದಲೇ ವಾಲಿ ಮತ್ತೊಂದು ಪ್ರಶ್ನೆಯನ್ನು ಎತ್ತಬೇಕು. ಕೇಳುಗ ಒಮ್ಮೆ ವಾಲಿಯ ಕಡೆ, ಒಮ್ಮೆ ರಾಮನ ಕಡೆ ವಾಲುತ್ತ ಎರಡು-ಮೂರು ಗಂಟೆ ಕುಳಿತಿರುತ್ತಾನೆ. ಈಗ ಆ ಪ್ರಸಂಗದಿಂದ ಅರ್ಧ ನಿಮಿಷದ ತುಣುಕನ್ನು ಕತ್ತರಿಸಿ ಹರಿಯಬಿಡುತ್ತಾರೆ. ಅದರಲ್ಲಿ ವಾಲಿಯ ಗದರಿಕೆ ಮಾತ್ರ ಇರುತ್ತದೆ. ಅದನ್ನು ಮೆಚ್ಚಿದವರಿಗೆ ಫೋನು ಮತ್ತೆ ಮತ್ತೆ ವಾಲಿಯನ್ನೇ ತಂದುಕೊಡುತ್ತದೆ. ರಾಮನ ಉತ್ತರ ಇನ್ಯಾರದೋ ಫೋನಿನಲ್ಲಿ ಓಡುತ್ತಿರುತ್ತದೆ. ಚಪ್ಪಾಳೆಗಾಗಿ ಮಾತಾಡುವವರು ಹಿಂದೆಯೂ ಇದ್ದರು. ಆಗ ಎದುರು ಕುಳಿತ ಅರ್ಥಧಾರಿ ಮರುನಿಮಿಷದಲ್ಲೇ ಅವರನ್ನು ಹದಕ್ಕೆ ತರುತ್ತಿದ್ದರು. ತುಣುಕಿನಲ್ಲಿ ಎದುರು ಕುಳಿತವರೇ ಇಲ್ಲ. ಊರಿನ ಜಗಳಗಳೂ ಇಂದು ಇದೇ ರೀತಿಯಲ್ಲಿ ನಡೆಯುತ್ತಿಲ್ಲವೇ?

ನೇರಪ್ರಸಾರದ ಉಪಕಾರವನ್ನು ಮಾತ್ರ ಮರೆಯಲಾರೆ. ಕೊರೊನಾ ಕಾಲದಲ್ಲಿ ಮೇಳಗಳು ನಿಂತಾಗ ಎಷ್ಟೋ ಕಲಾವಿದರು ಜನರನ್ನು ತಲಪಿದ್ದು ಅದರಿಂದಲೇ. ಈ ಕ್ಷಣದಲ್ಲಿ ದುಬೈ, ಬಹರೈನ್‌ಗಳಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಗಳೂ ಹಾಸಿಗೆ ಹಿಡಿದಿರುವ ನಿವೃತ್ತ ಗುರುಗಳೊಬ್ಬರೂ ಈ ಸಭೆಯನ್ನು ನೋಡುತ್ತಿದ್ದಾರೆ. ಅವರೆಲ್ಲರಿಗೆ ಇಲ್ಲಿಂದಲೇ ನಮಸ್ಕಾರ.

ಶಾಲೆಯ ವತಿಯಿಂದ ಮೂರು ಸಂಗತಿಗಳನ್ನು ತಿಳಿಸಬೇಕಿದೆ. ಐದನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ವಾರಕ್ಕೊಂದು ಅವಧಿ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕನ್ನಡ ಬರೆಯುವುದನ್ನು ಕಲಿಸುತ್ತೇವೆ. ಹೆತ್ತವರ ಗುಂಪಿಗೆ ಶಾಲೆಯ ಸೂಚನೆಗಳು ಇನ್ನು ಕನ್ನಡ ಅಕ್ಷರದಲ್ಲೇ ಬರುತ್ತವೆ. ಮಲಯಾಳದಲ್ಲಿ ಬರುವ ಸುತ್ತೋಲೆಗಳ ಸಾರವನ್ನೂ ಕನ್ನಡದಲ್ಲಿ ಹಾಕುತ್ತೇವೆ. ತಾವೂ ಉತ್ತರವನ್ನು ಕನ್ನಡ ಅಕ್ಷರದಲ್ಲಿ ಬರೆಯಬೇಕು, ತಪ್ಪಾದರೆ ಆಗಲಿ. ಬರೆಯಲು ಬಾರದ ಅಮ್ಮಂದಿರು ಮಗುವಿನ ಕೈಯಲ್ಲೇ ಬರೆಯಿಸಲಿ. ಮೂರನೆಯದಾಗಿ, ಈ ರಾತ್ರಿಯ ತಾಳಮದ್ದಳೆಯನ್ನು ಒಂದು ಮಾತೂ ಕತ್ತರಿಸದೆ ಮುದ್ರಿಸಿ ಗ್ರಂಥಾಲಯದಲ್ಲಿ ಇಡಲಾಗುವುದು. ಕ್ಯಾಮೆರಾ ಹಿಂದಿನ ಸಾಲಿನ ನಡುವೆ ಇದೆ. ಮುಂದೆ ಕುಳಿತವರು ಫೋನುಗಳನ್ನು ಎತ್ತಿ ಹಿಡಿಯದಿದ್ದರೆ ಹಿರಿಯರಿಗೂ ದುಬೈಯವರಿಗೂ ವೇದಿಕೆ ಕಾಣುತ್ತದೆ. ಭಾಗವತರು ಆಗಲೇ ಬಂದು ಕುಳಿತಿದ್ದಾರೆ.