ಮೇವಿನ ಗಡ್ಡೆ ಮತ್ತು ಎಮ್ಮೆಯ ಹೊಟ್ಟೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನಾಲ್ಕೂ ಕಡೆಯಿಂದ ಬಂದಿದ್ದೀರಿ. ನಸುಕಿನಲ್ಲಿ ಎದ್ದು, ಸೆಗಣಿ ಬಳಿದು, ಹಾಲು ಕರೆದು ಬಂದಿದ್ದೀರಿ. ಸಂಜೆಯ ಹಾಲಿನ ಹೊತ್ತಿಗೆ ಮತ್ತೆ ಮನೆ ಸೇರಬೇಕು. ಅದಕ್ಕೆ ಸುತ್ತಿ ಬಳಸಿ ಮಾತಾಡುವುದಿಲ್ಲ.

ಇವತ್ತಿನ ಮಾತು ಮೇವಿನ ಗಡ್ಡೆಯದು. ಮೇವಿನ ಬೀಟ್ ಅಂತಾರೆ. "ದನಕ್ಕೂ ಬೀಟ್‌ರೂಟ್ ಹಾಕೋದೇನ್ರಿ?" ಅಂತ ಒಬ್ಬ ಅಕ್ಕ ಆಗಲೇ ನಕ್ಕಳು. ನಗಲಿ. ಆದರೆ ಮೊದಲು ನಮ್ಮ ಮನೆಯ ಒಂದು ಮಾತು ಹೇಳುತ್ತೇನೆ.

ನನ್ನ ತಂಗಿಯ ಮದುವೆ ಆಯಿತು. ಮರುದಿನ ಅನ್ನ, ಗೋಧಿ ಹುಗ್ಗಿ ಬಹಳ ಉಳಿದಿತ್ತು. "ಅನ್ನ ಚೆಲ್ಲಬಾರದು, ಎಮ್ಮೆಗೆ ಹಾಕು" ಅಂದಳು ನಮ್ಮವ್ವ. ನಾನು ಎರಡು ಬುಟ್ಟಿ ತುಂಬ ಹಾಕಿದೆ. ಎಮ್ಮೆ ಆಸೆಯಿಂದ ತಿಂದಿತು. ಸಂಜೆ ಮೆಲುಕು ಹಾಕಲಿಲ್ಲ. ರಾತ್ರಿ ನೀರಿನಂಥ ಸೆಗಣಿ ಹಾಕಿತು. ಹುಳಿ ವಾಸನೆ ಬಂತು. ಬೆಳಗಾಗುವಾಗ ಮಲಗಿತು, ಏಳಲಿಲ್ಲ. ಡಾಕ್ಟರು ಬರುವ ಹೊತ್ತಿಗೆ ಮುಗಿದಿತ್ತು. ಅದರ ಮೇಲಿನ ಸಾಲ ಇನ್ನೂ ತೀರಿರಲಿಲ್ಲ. ಓಣಿಯವರು ದೃಷ್ಟಿ ತಾಗಿತು ಅಂದರು. ದೃಷ್ಟಿ ಅಲ್ಲ, ನನ್ನ ಕೈ.

ಯಾಕೆ ಹೀಗಾಯಿತು? ದನದ ಹೊಟ್ಟೆಯಲ್ಲಿ ಒಂದು ದೊಡ್ಡ ಚೀಲ ಇದೆ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳಿವೆ. ಅವೇ ಕಣಕಿಯನ್ನು, ಹೊಟ್ಟನ್ನು ಕರಗಿಸುತ್ತವೆ. ಅನ್ನ, ಕಾಳು, ಸಿಹಿ ಒಮ್ಮೆಲೇ ಬಹಳ ಬಂದರೆ ಹುಳಿ ಮಾಡುವ ಜೀವಿಗಳು ಹೆಚ್ಚುತ್ತವೆ. ದೋಸೆ ಹಿಟ್ಟು ಹುಳಿ ಬರುವ ಹಾಗೆ ಹೊಟ್ಟೆಯೆಲ್ಲ ಹುಳಿಯಾಗುತ್ತದೆ. ಆ ಹುಳಿ ರಕ್ತಕ್ಕೆ ಸೇರುತ್ತದೆ. ಕಣದಲ್ಲಿ ಜೋಳದ ರಾಶಿಗೆ ಬಾಯಿ ಹಾಕಿದ ಎತ್ತು ಸಾಯುವುದೂ ಇದರಿಂದಲೇ.

ಮೇವಿನ ಗಡ್ಡೆಯೂ ಸಿಹಿ. ಅದಕ್ಕೇ ಈ ಮಾತು ಮೊದಲು ಹೇಳಿದೆ.

ಈ ಗಡ್ಡೆ ನಮಗೆ ಪೂರಾ ಹೊಸದಲ್ಲ. ನಾವು ಪಲ್ಯ ಮಾಡುವ ಬೀಟ್‌ರೂಟ್ ಇದರ ಅಕ್ಕ. ಪಾಲಕ್ ಇದರ ತಂಗಿ. ಸಕ್ಕರೆ ತೆಗೆಯುವ ಬೀಟ್ ಕೂಡ ಇದೇ ಬಳಗ. ಕಬ್ಬಿನ ಸಕ್ಕರೆ, ಬೀಟಿನ ಸಕ್ಕರೆ ಎರಡೂ ಒಂದೇ ಎಂದು 1747ರಲ್ಲಿ ಜರ್ಮನಿಯ ಮಾರ್ಗ್ರಾಫ್ ಎಂಬ ವಿಜ್ಞಾನಿ ತೋರಿಸಿದರು. ಮೇವಿನ ಗಡ್ಡೆ ಬಹಳ ದಪ್ಪ. ಅರ್ಧ ಮಣ್ಣಿನೊಳಗೆ, ಅರ್ಧ ಮೇಲೆ ಬೆಳೆಯುತ್ತದೆ.

ನಮಗೆ ಇದು ಯಾಕೆ ಬೇಕು? 2019ರ ಆಗಸ್ಟಿನಲ್ಲಿ ಮಲಪ್ರಭಾ ನದಿ ಉಕ್ಕಿತು. ರಾಮದುರ್ಗ, ಸವದತ್ತಿ ಕಡೆ ಹೊಳೆಯ ದಂಡೆಯವರು ಏನು ಕಂಡರು ಎಂದು ಅವರೇ ಬಲ್ಲರು. 2023ರಲ್ಲಿ ಮಳೆಯೇ ಬರಲಿಲ್ಲ. ಬಣವಿ ಕರಗಿದ ಮೇಲೆ ದನ ಮಾರುವುದೊಂದೇ ಉಳಿಯುತ್ತದೆ. ಮಾರಿದ ಎಮ್ಮೆಯನ್ನು ಮತ್ತೆ ಅದೇ ಬೆಲೆಗೆ ಯಾರೂ ಕೊಡುವುದಿಲ್ಲ. ಶಿವರಾತ್ರಿಯಿಂದ ಯುಗಾದಿಯವರೆಗೆ ಹಸಿ ಮೇವು ಕಡಿಮೆ. ಆಗ ಈ ಗಡ್ಡೆ ಕೈಗೆ ಬರುತ್ತದೆ.

ಇನ್ನೊಂದು ಗುಣ ಇದೆ. ಇದು ಉಪ್ಪು ತಾಳುತ್ತದೆ. ಜೋಧಪುರದ ಕಾಜ್ರಿ ಎಂಬ ಸಂಸ್ಥೆಯವರು ರಾಜಸ್ಥಾನದ ಉಪ್ಪು ನೀರಿನಲ್ಲಿ ಇದನ್ನು ಬೆಳೆದು ತೋರಿಸಿದ್ದಾರೆ. ಮಲಪ್ರಭಾ ಕಾಲುವೆಯ ಕೆಳಗೆ ಎಷ್ಟೋ ಹೊಲ ಸವಳು ಹಿಡಿದಿವೆ. ಅಂಥಲ್ಲಿ ಒಂದು ತುಂಡು ಹಾಕಿ ನೋಡಬಹುದು. ಆದರೆ ನೀರು ನಿಲ್ಲುವ ಜವಳು ಹೊಲ ಬೇಡ. ಗಡ್ಡೆ ಕೊಳೆಯುತ್ತದೆ. ಚಳಿಗಾಲದಲ್ಲಿ ನೀರು ಇಲ್ಲದವರೂ ಇದರ ಗೊಡವೆಗೆ ಹೋಗಬೇಡಿರಿ. ಅವರಿಗೆ ಜೋಳ, ಅಲಸಂದಿಯೇ ಒಳ್ಳೆಯದು ಎಂದು ನನ್ನ ಮಾತು.

ಬಿತ್ತುವ ಕಾಲ ಸೀಗೆ ಹುಣ್ಣಿಮೆಯಿಂದ ದೀಪಾವಳಿ ಕಳೆದ ಎರಡು ವಾರದವರೆಗೆ. ಬಿಸಿಲು ಇಳಿದಿರಬೇಕು. ಮೊದಲ ವರ್ಷ 1 ಗುಂಟೆ ಸಾಕು. ಎರೆಮಣ್ಣಿನ ಹೆಂಟೆ ಚೆನ್ನಾಗಿ ಒಡೆಯಿರಿ. ತಿಪ್ಪೆಗೊಬ್ಬರ ಹಾಕಿರಿ. ಬೋದು ಏರಿಸಿ ಬೋದಿನ ಮೇಲೆ ಬಿತ್ತಿರಿ. ಬೋದಿನಿಂದ ಬೋದಿಗೆ 2 ಅಡಿ. ಗಿಡದಿಂದ ಗಿಡಕ್ಕೆ ಒಂದು ಗೇಣು. ಬೀಜ ಆಳಕ್ಕೆ ಹೋಗಬಾರದು, ಬೆರಳಿನ ಒಂದು ಗೆಣ್ಣಿನಷ್ಟು ಸಾಕು. ಕೆಲವು ಬೀಜದಲ್ಲಿ ಒಂದರಿಂದಲೇ ಎರಡು ಮೂರು ಸಸಿ ಏಳುತ್ತವೆ. ಒಂದನ್ನು ಉಳಿಸಿ ಬಾಕಿ ಕೀಳಿರಿ. ಕೀಳಲು ಮನಸ್ಸು ಬರುವುದಿಲ್ಲ, ನನಗೂ ಬರಲಿಲ್ಲ. ಕೀಳದ ಸಾಲಿನಲ್ಲಿ ಗಜ್ಜರಿಯಷ್ಟು ಸಣ್ಣ ಗಡ್ಡೆ ಬಂದವು.

ಬೀಜದ ಪೊಟ್ಟಣದ ಮೇಲೆ ಬರೆದದ್ದನ್ನು ಓದಿರಿ. ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಸವರಿರುತ್ತಾರೆ. ಅದು ವಿಷ. ಉಳಿದ ಬೀಜವನ್ನು ಕೋಳಿಗೆ ಚೆಲ್ಲಬೇಡಿರಿ.

ಈಗ ಒಂದು ಲೆಕ್ಕ ಮಾಡೋಣ. ಪಾಟಿ ಇದ್ದವರು ಬರೆಯಿರಿ. 1 ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದರಲ್ಲಿ 16 ಬೋದು. ಒಂದು ಬೋದಿಗೆ 44 ಗಿಡ. ಒಟ್ಟು 704 ಗಿಡ. ನಾಲ್ಕು ಗಿಡ ಸತ್ತವು ಅನ್ನೋಣ. ಒಂದೊಂದು ಗಡ್ಡೆ 1 ಕಿಲೋ ತೂಗಿದರೂ 700 ಕಿಲೋ. ಒಂದು ಎಮ್ಮೆಗೆ ದಿನಕ್ಕೆ 8 ಕಿಲೋ ಹಾಕಿದರೆ 87 ದಿನ. ಹತ್ತಿರ ಹತ್ತಿರ ಮೂರು ತಿಂಗಳು.

ಆದರೆ ಲೆಕ್ಕಕ್ಕೆ ಮರುಳಾಗಬೇಡಿರಿ. 10 ಕಿಲೋ ಗಡ್ಡೆಯಲ್ಲಿ ಸುಮಾರು ಎಂಟೂವರೆ ಕಿಲೋ ನೀರೇ ಇದೆ. ಗಡ್ಡೆ ಶಕ್ತಿ ಕೊಡುತ್ತದೆ. ಹಾಲಿಗೆ, ಮೈಗೆ ಬೇಕಾದ ಪ್ರೋಟೀನು ಅದರಲ್ಲಿ ಕಡಿಮೆ. ಅದಕ್ಕೆ ಕಡಲೆ ಹೊಟ್ಟು, ಶೇಂಗಾ ಹಿಂಡಿ, ಕುದುರೆಮಸಾಲೆ ಬಿಡಬಾರದು. ಖನಿಜ ಪುಡಿಯೂ ಬೇಕು. ಕಣಕಿ ಊಟ ಆದರೆ ಗಡ್ಡೆ ಪಲ್ಯ. ಬರೀ ಪಲ್ಯ ಉಂಡು ಯಾರು ಬದುಕುತ್ತಾರೆ?

ಹಾಕುವ ರೀತಿ ಹೀಗೆ. ಮಣ್ಣು ತೊಳೆಯಿರಿ. ಬೆರಳಿನ ಹಾಗೆ ಉದ್ದಕ್ಕೆ ಹೆಚ್ಚಿರಿ. ಗುಂಡಗಿನ ತುಂಡು ಗಂಟಲಲ್ಲಿ ಸಿಗುತ್ತದೆ. ಮೊದಲು ಕಣಕಿ ತಿನ್ನಲಿ, ಆಮೇಲೆ ಗಡ್ಡೆ. ಮೊದಲ ಎರಡು ದಿನ ಎಮ್ಮೆಗೆ 1 ಕಿಲೋ ಮಾತ್ರ. ಆಮೇಲೆ ಎರಡು ದಿನಕ್ಕೊಮ್ಮೆ 1 ಕಿಲೋ ಹೆಚ್ಚಿಸುತ್ತ ಹೋಗಿರಿ. 15ನೆಯ ದಿನಕ್ಕೆ 8 ಕಿಲೋ ಆಗುತ್ತದೆ. ಅದನ್ನೂ ಮುಂಜಾನೆ ಅರ್ಧ, ಸಂಜೆ ಅರ್ಧ ಹಾಕಿರಿ. ಕುರಿಗೆ ಒಂದು ಹಿಡಿಯಿಂದ ಸುರು ಮಾಡಿರಿ. ಎರಡು ವಾರದ ಮೇಲೆ 1 ಕಿಲೋ ದಾಟಬೇಡಿರಿ. ಹಾಲು ಕುಡಿಯುವ ಕರುವಿಗೆ, ಮರಿಗೆ ಬೇಡ. ಟಗರಿಗೂ ಕೈ ಬಿಗಿ ಹಿಡಿಯಿರಿ. ಗಡ್ಡೆ ಹೆಚ್ಚಾದರೆ ಟಗರಿಗೆ ಮೂತ್ರದಲ್ಲಿ ಹರಳು ಕಟ್ಟುವ ಭಯ ಇದೆ.

ಎಲೆಯನ್ನು ಅರ್ಧ ದಿನ ಬಾಡಿಸಿ, ಸ್ವಲ್ಪ ಸ್ವಲ್ಪ ಕಣಕಿಯಲ್ಲಿ ಕಲಸಿ ಹಾಕಿರಿ. ಹಸಿ ಎಲೆ ಬಹಳ ತಿಂದರೆ ಭೇದಿ ಆಗುತ್ತದೆ.

ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತೀರಿ. ನಾಲ್ಕು ದಿನ ಮನೆಯಲ್ಲಿ ಯಾರೂ ಗಡ್ಡೆ ಹಾಕಿರುವುದಿಲ್ಲ. ಬಂದ ದಿನವೇ 8 ಕಿಲೋ ಸುರಿಯಬೇಡಿರಿ. ಮತ್ತೆ ಕಡಿಮೆಯಿಂದ ಸುರು ಮಾಡಿರಿ. ಮನೆಯಲ್ಲಿ ಉಳಿದವರಿಗೂ ಅಳತೆ ಬರೆದು ಗೋದಲಿಯ ಗೋಡೆಗೆ ಅಂಟಿಸಿರಿ. ನಮ್ಮ ಅತ್ತೆ ಪ್ರೀತಿಯಿಂದಲೇ ಎರಡು ಸಲ ಹಾಕಿಬಿಟ್ಟಿದ್ದರು. ಅವತ್ತು ದೇವರು ಕಾಯ್ದ.

ದನ ಮೇವು ಬಿಟ್ಟರೆ, ಮೆಲುಕು ನಿಂತರೆ, ಹುಳಿ ವಾಸನೆಯ ಭೇದಿ ಆದರೆ, ತೂರಾಡಿದರೆ ಗಡ್ಡೆ ನಿಲ್ಲಿಸಿರಿ. ಬೆಳಗಾಗಲಿ ಎಂದು ಕಾಯಬೇಡಿರಿ. 1962 ನಂಬರಿಗೆ ಫೋನ್ ಮಾಡಿರಿ, ಅದು ಪಶು ಆಂಬುಲೆನ್ಸಿನ ನಂಬರು. ಮಲಗಿದ ದನದ ಬಾಯಿಗೆ ಗೊಟ್ಟದಿಂದ ಏನನ್ನೂ ಹೊಯ್ಯಬೇಡಿರಿ. ಅದು ಪುಪ್ಪುಸಕ್ಕೆ ಇಳಿಯುತ್ತದೆ.

ಬೀಜ ಸುಲಭಕ್ಕೆ ಸಿಗುವುದಿಲ್ಲ. ಮನೆಯಲ್ಲಿ ಬೀಜ ಮಾಡಿಕೊಳ್ಳಲೂ ಆಗದು. ಈ ಗಿಡ ಚಳಿ ಉಂಡು ಎರಡನೆಯ ವರ್ಷ ಹೂ ಬಿಡುತ್ತದೆ. ನಮ್ಮ ಬೇಸಿಗೆಯಲ್ಲಿ ಅಲ್ಲಿಯವರೆಗೆ ಗಡ್ಡೆ ಉಳಿಯುವುದಿಲ್ಲ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಅಲ್ಲಿ ಕೇಳಿರಿ. ಒಬ್ಬರೇ ಹೋಗಲು ಸಂಕೋಚ ಆದರೆ ಸಂಘದಿಂದ ನಾಲ್ಕು ಜನ ಹೋಗಿರಿ. ಹೊಲದ ಮಣ್ಣು ಒಂದು ಚೀಲದಲ್ಲಿ ಒಯ್ಯಿರಿ. ಸವಳು ಎಷ್ಟಿದೆ ಎಂದು ಅದನ್ನು ನೋಡಿಯೇ ಹೇಳಬೇಕು.