ಗೋಡೆಗೆ ಬರಲಿ ಬದುಕಿರುವವರ ಭಾವಚಿತ್ರ

(ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕಾರ್ಮಿಕರು ಮತ್ತು ಅವರ ಕುಟುಂಬದವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಲ್ಲಿ ನೆರೆದಿರುವ ಬಹುತೇಕರ ಕೊರಳಲ್ಲಿ ಅಥವಾ ಜೇಬಿನಲ್ಲಿ ಒಂದು ಗುರುತು ಚೀಟಿಯಿದೆ. ಪೀಣ್ಯದ ಕಾರ್ಖಾನೆಯ ಗೇಟಿನಲ್ಲಿ, ವೈಟ್‌ಫೀಲ್ಡಿನ ಕಚೇರಿಯ ಬಾಗಿಲಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿ ಬಸ್ಸಿನಲ್ಲಿ ನಮ್ಮನ್ನು ಒಳಗೆ ಬಿಡುವುದು ಅದರ ಮೇಲಿನ ಪುಟ್ಟ ಫೋಟೊ. ಆ ಮುಖಕ್ಕೆ ಒಂದು ಸಂಖ್ಯೆಯಿದೆ, ಸಂಬಳವಿದೆ, ಮರ್ಯಾದೆಯಿದೆ. ಅದೇ ಮನುಷ್ಯ ಮದ್ಯಕ್ಕೋ ಗಾಂಜಾಕ್ಕೋ ಮಾತ್ರೆಗೋ ದಾಸನಾಗಿದ್ದಾನೆಂದು ತಿಳಿದಾಗ ಎಷ್ಟೋ ಬಾರಿ ಮೊದಲು ಕೈತಪ್ಪುವುದು ಆ ಚೀಟಿ. ಮನೆಯ ಮಾಲಿಕ ಬಾಡಿಗೆಯ ಕೋಣೆ ಖಾಲಿ ಮಾಡೆನ್ನುತ್ತಾನೆ. ನೆಂಟರು ಅವನಿರುವ ಮನೆಗೆ ಹೆಣ್ಣು ಕೊಡಲು ಹಿಂಜರಿಯುತ್ತಾರೆ.

ಆಮೇಲೆ ಅವನ ಮುಖವನ್ನು ನಾವು ಎಲ್ಲಿ ನೋಡುತ್ತೇವೆ? ಪೊಲೀಸರ ಕೈಗೆ ಸಿಕ್ಕರೆ ಟಿ.ವಿ. ಪರದೆಯ ಮೇಲೆ, ತೀರಿಕೊಂಡರೆ ಮನೆಯ ಗೋಡೆಯ ಮೇಲೆ. ಆದರೆ ಬಂಧಿತನ ಮುಖ ಮತ್ತು ಮೃತನ ಮುಖಗಳ ನಡುವೆ ಮೂರನೆಯ ಮುಖವೊಂದಿದೆ. ಚಿಕಿತ್ಸೆ ಪಡೆದು, ಎಡವಿ, ಮತ್ತೆ ಎದ್ದು, ಬೆಳಗಿನ ಪಾಳಿಗೆ ಹೊರಟವನ ಮುಖ ಅದು. ನಮ್ಮ ಸಮಾಜ ಅದನ್ನು ಸರಿಯಾಗಿ ನೋಡಿಯೇ ಇಲ್ಲ. ಚಿತ್ರ ಮತ್ತು ಕಥನದ ಮೂಲಕ ಅದನ್ನು ಕಾಣುವಂತೆ ಮಾಡುವುದು ಹೇಗೆಂಬುದೇ ಇಂದು ನಾವು ಆಡಲಿರುವ ಮಾತು.

ಇದು ಕಲಾಪ್ರೇಮಿಗಳ ವಿರಾಮದ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಮದ್ಯದ ಸಮಸ್ಯೆಗೆ ನೆರವು ಬೇಕಾದವರು ಸುಮಾರು 5.7 ಕೋಟಿ, ಅಫೀಮು ವರ್ಗದ ಪದಾರ್ಥಗಳ ಸಮಸ್ಯೆಗೆ ನೆರವು ಬೇಕಾದವರು ಸುಮಾರು 77 ಲಕ್ಷ ಎಂದು ಅದು ಅಂದಾಜಿಸಿತು. ಮದ್ಯಕ್ಕೆ ಸಂಪೂರ್ಣ ಅಧೀನರಾದ 38 ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ದೊರೆತಿದ್ದುದು ಕೇವಲ ಒಬ್ಬರಿಗೆ. ಉಳಿದ 37 ಮಂದಿ ಏಕೆ ಹೊರಗುಳಿದರು? ಆಸ್ಪತ್ರೆಗಳ ಕೊರತೆ, ಹಣದ ಕೊರತೆ ಎಲ್ಲವೂ ನಿಜ. ಆದರೆ ಬೆಂಗಳೂರಿನ ಕಡೆಗೆ ನೋಡಿರಿ. ಎಲೆಕ್ಟ್ರಾನಿಕ್ ಸಿಟಿಯತ್ತ ಸಾಗುವ ಹೊಸೂರು ರಸ್ತೆಯಲ್ಲಿಯೇ ನಿಮ್ಹಾನ್ಸ್ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಆ ಗೇಟಿನ ಮುಂದೆ ದಿನವೂ ಹಾದುಹೋಗುವವನೂ ಒಳಗೆ ಕಾಲಿಡಲು ಅಂಜುತ್ತಾನೆ. ಯಾರಾದರೂ ಕಂಡುಬಿಟ್ಟರೆ ಎಂಬ ಭಯ ಅವನ ಕಾಲು ಹಿಡಿದು ನಿಲ್ಲಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು ಭಾರತವೂ ಸೇರಿ 14 ದೇಶಗಳಲ್ಲಿ 18 ಬಗೆಯ ಸ್ಥಿತಿಗಳ ಕುರಿತು ಜನರ ಮನೋಭಾವವನ್ನು ವಿಚಾರಿಸಿತ್ತು. 2001ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಅತ್ಯಂತ ತಿರಸ್ಕೃತ ಸ್ಥಿತಿಯೆಂದು ಮೊದಲ ಸ್ಥಾನ ಪಡೆದದ್ದು ಮಾದಕ ವ್ಯಸನ. ಮದ್ಯವ್ಯಸನವೂ ಅದರಿಂದ ಬಹಳ ದೂರವೇನೂ ಇರಲಿಲ್ಲ.

ಕನ್ನಡ ಭಾಷೆಯಾದರೋ ಈ ವಿಷಯದಲ್ಲಿ ನಮಗಿಂತ ಹೆಚ್ಚು ಕರುಣೆಯುಳ್ಳದ್ದು. ‘ವ್ಯಸನ’ ಎಂಬ ಪದಕ್ಕೆ ಚಟ ಎಂಬ ಅರ್ಥವೂ ಇದೆ, ದುಃಖ ಎಂಬ ಅರ್ಥವೂ ಇದೆ. ‘ವ್ಯಸನಪಡಬೇಡ’ ಎಂದು ನಾವು ಸಾಂತ್ವನ ಹೇಳುತ್ತೇವೆ. ವ್ಯಸನಿಯನ್ನು ಕಂಡಾಗ ಮಾತ್ರ ಆ ಎರಡನೆಯ ಅರ್ಥವನ್ನು ಮರೆತು ‘ಕುಡುಕ’, ‘ಗಾಂಜಾ ಗಿರಾಕಿ’ ಎಂದು ಜರೆಯುತ್ತೇವೆ. ಇದು ಕೇವಲ ಸಭ್ಯತೆಯ ಪ್ರಶ್ನೆಯಲ್ಲ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 500ಕ್ಕೂ ಹೆಚ್ಚು ಮಾನಸಿಕ ಆರೋಗ್ಯ ವೃತ್ತಿಪರರಿಗೆ ಒಬ್ಬನೇ ವ್ಯಕ್ತಿಯ ವಿವರವನ್ನು ಎರಡು ಬಗೆಯ ಪದಗಳಲ್ಲಿ ನೀಡಲಾಯಿತು. ಅವನನ್ನು ದುಶ್ಚಟದವನೆಂಬ ಧ್ವನಿಯ ಪದದಿಂದ ಕರೆದಾಗ, ಕಾಯಿಲೆಯುಳ್ಳವನೆಂದು ಕರೆದಾಗಿಗಿಂತ ಹೆಚ್ಚಾಗಿ ಅವನನ್ನೇ ತಪ್ಪಿತಸ್ಥನೆಂದೂ ಶಿಕ್ಷಾರ್ಹನೆಂದೂ ಬಗೆದರು. ತರಬೇತಿ ಪಡೆದವರ ಮನಸ್ಸನ್ನೇ ಒಂದು ಪದ ಕದಲಿಸುವುದಾದರೆ ಬೀದಿಯ ಮಾತಿನ ಶಕ್ತಿ ಎಷ್ಟಿರಬಹುದು?

ಚಿತ್ರದ ಕಥೆಯೂ ಹೀಗೆಯೇ. ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು ಕಾಲೇಜುಗಳ ಗೋಡೆಗಳಲ್ಲಿ ತಲೆಬುರುಡೆ, ಸಿರಿಂಜು, ಸರಪಳಿಗಳ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಅದಾಗಲೇ ಚಟಕ್ಕೆ ಸಿಲುಕಿದ ತರುಣ ಆ ತಲೆಬುರುಡೆಯಲ್ಲಿ ತನ್ನನ್ನೇ ಕಾಣುತ್ತಾನೆ, ತನ್ನ ಕಥೆ ಮುಗಿಯಿತೆಂದು ತಿಳಿಯುತ್ತಾನೆ. 2020ರ ಸೆಪ್ಟೆಂಬರ್‌ನಲ್ಲಿ ಚಿತ್ರರಂಗದ ಮಾದಕ ವಸ್ತು ಪ್ರಕರಣ ಹೊರಬಂದಾಗ ನಮ್ಮ ಸುದ್ದಿ ವಾಹಿನಿಗಳು ಏನು ಮಾಡಿದವು? ವಾರಗಟ್ಟಲೆ ಅವೇ ಮುಖಗಳನ್ನು ತಿರುತಿರುಗಿಸಿ ತೋರಿಸಿದವು. ನ್ಯಾಯಾಲಯ ಬಾಯಿ ತೆರೆಯುವ ಮೊದಲೇ ಸ್ಟುಡಿಯೋಗಳು ತೀರ್ಪು ನೀಡಿದವು. ಚಿಕಿತ್ಸೆ ಎಲ್ಲಿ ದೊರೆಯುತ್ತದೆ ಎಂದು ಹೇಳಲು ಅವುಗಳಿಗೆ ಎಷ್ಟು ಸಮಯವಿತ್ತು?

ಅಪ್ಪಣೆ ಕೇಳದೆ ಕಸಿದ ಚಿತ್ರ ಮನುಷ್ಯನನ್ನು ಅವನ ಬದುಕಿನ ಅತ್ಯಂತ ಕೆಟ್ಟ ದಿನಕ್ಕೆ ಕಟ್ಟಿಹಾಕುತ್ತದೆ. ಎದುರಿಗೆ ಕುಳಿತು ಬರೆಸಿಕೊಂಡ ಚಿತ್ರದ ರೀತಿಯೇ ಬೇರೆ. ಕಲಾವಿದ ಗಂಟೆಗಟ್ಟಲೆ ಆ ಮುಖವನ್ನು ನೋಡಬೇಕು, ಕೂತವನು ಮಾತಾಡಬೇಕು, ಇವನು ಕೇಳಬೇಕು. ಎಷ್ಟೋ ಕಾಲದಿಂದ ಯಾರೂ ನೇರವಾಗಿ ನೋಡದ ಮುಖಕ್ಕೆ ಆ ನೋಟವೇ ಒಂದು ಗೌರವ.

ಈ ದಾರಿ ನಮಗೆ ಹೊಸದೂ ಅಲ್ಲ, ದೂರದ್ದೂ ಅಲ್ಲ. ಬೆಂಗಳೂರಿನಲ್ಲಿಯೇ 2016ರಲ್ಲಿ ಪೂರ್ಣಿಮಾ ಸುಕುಮಾರ್ ಅವರು ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಸ್ವತಃ ಬಣ್ಣ ಹಿಡಿದು ಸಾರ್ವಜನಿಕ ಗೋಡೆಗಳ ಮೇಲೆ ದೊಡ್ಡ ದೊಡ್ಡ ಮುಖಗಳನ್ನು ಬರೆದಿದ್ದಾರೆ. ಜನ ಕಣ್ಣು ತಪ್ಪಿಸಿ ಹೋಗುತ್ತಿದ್ದವರ ಮುಂದೆ ನಿಂತು ಮಾತಾಡುವ ಸಂದರ್ಭವನ್ನು ಆ ಗೋಡೆಗಳು ಒದಗಿಸಿದವು. ಕಥನದ ಬಲಕ್ಕೆ ನೆರೆಯ ಚೆನ್ನೈಯನ್ನು ನೋಡಬಹುದು. ಮದ್ಯವ್ಯಸನದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಆ ದುಃಖವನ್ನು ಮುಚ್ಚಿಡದೆ, 1980ರಲ್ಲಿ ಪತಿಯ ಹೆಸರಿನಲ್ಲಿಯೇ ವ್ಯಸನ ಚಿಕಿತ್ಸೆಯ ಸಂಸ್ಥೆಯನ್ನು ಸ್ಥಾಪಿಸಿದರು. ಮನೆಯ ಗುಟ್ಟೆಂದು ಅವರು ಬಾಯಿ ಮುಚ್ಚಿದ್ದರೆ ಎಷ್ಟು ಮನೆಗಳ ಬಾಗಿಲು ಮುಚ್ಚಿಯೇ ಇರುತ್ತಿತ್ತು! 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ನಿಂತಿರುವುದು ಒಬ್ಬನ ಅನುಭವವನ್ನು ಇನ್ನೊಬ್ಬ ಕೇಳುವುದರ ಮೇಲೆ.

ಆದರೆ ಎಂತಹ ಕಥೆ ಎಂಬುದು ಮುಖ್ಯ. 2015ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆಯಿಲ್ಲದೆ ನರಳುವ ವ್ಯಸನಿಯ ಕಥೆ ಓದಿದವರಿಗಿಂತ ಚಿಕಿತ್ಸೆ ಪಡೆದು ಚೇತರಿಸಿಕೊಂಡವನ ಕಥೆ ಓದಿದವರು ಅಂಥವರನ್ನು ನೆರೆಯವರಾಗಿ, ಸಹೋದ್ಯೋಗಿಗಳಾಗಿ ಒಪ್ಪಲು ಹೆಚ್ಚು ಸಿದ್ಧರಿದ್ದರು. ಮಾನಸಿಕ ಅಸ್ವಸ್ಥತೆಯ ಕಳಂಕದ ಬಗ್ಗೆ 2012ರಲ್ಲಿ ಬಂದ ಸಮಗ್ರ ವಿಶ್ಲೇಷಣೆಯೊಂದು, ವಯಸ್ಕರ ಮನಸ್ಸು ಬದಲಿಸುವಲ್ಲಿ ಉಪದೇಶಕ್ಕಿಂತ ಮುಖಾಮುಖಿ ಭೇಟಿ ಹೆಚ್ಚು ಫಲಕಾರಿಯೆಂದು ತೋರಿಸಿತು. ಅಂದರೆ ಬರಿಯ ಗೋಳಿನ ಚಿತ್ರ ಸಾಲದು. ಚೇತರಿಕೆಯೂ ಅದರಲ್ಲಿರಬೇಕು, ಎಡವಿ ಬಿದ್ದ ದಿನವೂ ಇರಬೇಕು. ಮರಳಿ ಬೀಳುವುದು ಈ ಕಾಯಿಲೆಯ ಸ್ವಭಾವದಲ್ಲಿಯೇ ಇರುವುದರಿಂದ, ಬಿದ್ದವನು ನಾಚಿಕೆಯಿಂದ ಚಿಕಿತ್ಸೆಯನ್ನೇ ಬಿಟ್ಟುಬಿಡಬಾರದು.

ಇಲ್ಲಿ ಒಂದು ಎಚ್ಚರವನ್ನೂ ಹೇಳಬೇಕು. ಮುಖ ತೋರಿಸಿದವನ ಕೆಲಸ ಹೋದರೆ, ಅವನ ಮಗಳಿಗೆ ಶಾಲೆಯಲ್ಲಿ ಅಪಹಾಸ್ಯವಾದರೆ ಹೊಣೆ ಯಾರದು? ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಸದಸ್ಯರ ಗುರುತನ್ನು ಮಾಧ್ಯಮದಲ್ಲಿ ಬಿಟ್ಟುಕೊಡದಿರುವುದಕ್ಕೆ ಕಾರಣವಿದೆ. 2017ರ ಮಾನಸಿಕ ಆರೋಗ್ಯ ಸೇವಾ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿದೆ. ಚಿಕಿತ್ಸೆಯಲ್ಲಿರುವವರ ಫೋಟೊವನ್ನಾಗಲೀ ಮಾಹಿತಿಯನ್ನಾಗಲೀ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಕೂಡದೆಂದು ಅದರ 24ನೆಯ ವಿಧಿ ಹೇಳುತ್ತದೆ. ಆದ್ದರಿಂದ ಒಪ್ಪಿಗೆ ಬರಹದಲ್ಲಿರಲಿ, ಮನೆಯವರನ್ನೂ ಕೇಳಲಿ, ಬೇಡವೆಂದ ದಿನ ಚಿತ್ರ ಕೆಳಗಿಳಿಯಲಿ. ಮುಖ ತೋರಿಸಲು ಒಲ್ಲದವರು ತಮ್ಮ ಕೈಗಳ ಚಿತ್ರವನ್ನಾದರೂ ಬರೆಸಬಹುದು. ಯಂತ್ರ ಹಿಡಿದ ಕೈಗೂ ಹೇಳಲು ಕಥೆಯಿದೆ.

ಈ ಕೆಲಸ ಸರಕಾರದ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. 2025-26ರ ಸಾಲಿಗೆ ಕರ್ನಾಟಕ ಸರಕಾರ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಬಾಟಲಿಯ ಆದಾಯ ಬೊಕ್ಕಸಕ್ಕೆ, ಬಾಟಲಿಯ ಕಳಂಕ ಬಡವನ ಹಣೆಗೆ! ಇದು ಯಾವ ನ್ಯಾಯ? ಆ ಹಣದ ಒಂದು ಪಾಲು ಈ ಕೈಗಾರಿಕಾ ಪ್ರದೇಶಗಳಲ್ಲಿ, ರಾತ್ರಿ ಪಾಳಿ ಮುಗಿಸಿ ಬರುವವರಿಗೂ ಬಾಗಿಲು ತೆರೆದಿರುವ ಚಿಕಿತ್ಸಾಲಯಗಳಾಗಬೇಕು. 1985ರ ಮಾದಕ ವಸ್ತು ಕಾಯ್ದೆಯ 64ಎ ವಿಧಿಯಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯುಂಟು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಈ ವಿಧಿಯನ್ನು ಬಲ್ಲ ತಂದೆತಾಯಿಗಳು ನಮ್ಮ ನಡುವೆ ಎಷ್ಟು ಮಂದಿ?

ಅಮಲನ್ನು ನಾವು ವಿರೋಧಿಸುತ್ತೇವೆ, ಇನ್ನು ಮುಂದೆಯೂ ವಿರೋಧಿಸುತ್ತೇವೆ. ಮಾರುವವನ ಲಾಭಕೋರತನಕ್ಕೆ ನಮ್ಮಲ್ಲಿ ಕ್ಷಮೆಯಿಲ್ಲ. ಆದರೆ ರೋಗವನ್ನು ದ್ವೇಷಿಸುವ ಭರದಲ್ಲಿ ರೋಗಿಯನ್ನು ಬೀದಿಗೆ ತಳ್ಳುವುದು ಸುಧಾರಣೆಯೆನಿಸದು.

ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಮೆಟ್ರೊ ಬಂತು. ಮೂರೂ ಕಡೆ ಈಗ ಸಾವಿರಾರು ಜನ ದಿನವೂ ನಡೆದಾಡುವ ಗೋಡೆಗಳಿವೆ. ಕಾರ್ಮಿಕ ಸಂಘಗಳು, ಕಂಪೆನಿಗಳು, ಚಿತ್ರಕಲಾ ವಿದ್ಯಾರ್ಥಿಗಳು, ಪ್ರಾರ್ಥನಾಲಯಗಳ ಸಮಿತಿಗಳು ಕೈಜೋಡಿಸಿದರೆ ಅಲ್ಲೊಂದು ಪುಟ್ಟ ಪ್ರದರ್ಶನ ಅಸಾಧ್ಯವೇನಲ್ಲ. ಪ್ರತಿ ಚಿತ್ರದ ಕೆಳಗೆ ಅವರದೇ ಮಾತಿನಲ್ಲಿ ಒಂದು ಪುಟದ ಕಥೆಯಿರಲಿ. ಅದರ ಕೆಳಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಎಂಬ ಎರಡು ಸಂಖ್ಯೆಗಳಿರಲಿ. ನೋಡಲು ಬಂದವರ ಜೊತೆ ಕುಳಿತು ಮಾತಾಡಲು, ಒಪ್ಪಿಗೆಯಿದ್ದರೆ, ಚೇತರಿಸಿಕೊಂಡವರೂ ಇರಲಿ.

ನಮ್ಮ ಮನೆಯ ಹುಡುಗನ ಚಿತ್ರವನ್ನು ಗೋಡೆಗೆ ಏರಿಸಲು ಅವನ ಸಾವಿನವರೆಗೆ ನಾವು ಕಾಯುವುದು ಬೇಡ. ಅವನು ಬದುಕಿರುವಾಗಲೇ ಅವನ ಮುಖವನ್ನು ನೇರವಾಗಿ ನೋಡೋಣ, ಊಟವಾಯಿತೇ ಎಂದು ಕೇಳೋಣ, ಆಮೇಲೆ ಅವನ ಕಥೆ ಕೇಳಲು ಕುಳಿತುಕೊಳ್ಳೋಣ.