ಒಂದು ಲೋಟ ಆವಿಯ ಬೆಲೆ

ಮಕ್ಕಳೇ, ತಿಂಗಳ ಮೊದಲ ವಾರ ಮನೆಯ ದೊಡ್ಡವರು ಡೈರಿಯಲ್ಲೋ ಮೊಬೈಲಿನಲ್ಲೋ ಖರ್ಚಿನ ಪಟ್ಟಿ ಬರೆಯುವುದನ್ನು ನೀವು ನೋಡಿರುತ್ತೀರಿ. ಬಾಡಿಗೆ, ಹಾಲು, ದಿನಸಿ, ಕರೆಂಟು ಬಿಲ್ಲು, ಸ್ಕೂಲ್ ಫೀಸು, ಗ್ಯಾಸು. ಇವುಗಳಲ್ಲಿ ಎಷ್ಟೋ ಬಾಬತ್ತುಗಳು ನಮ್ಮ ಮಾತು ಕೇಳುವುದಿಲ್ಲ. ಬಾಡಿಗೆ ಎಷ್ಟೋ ಅಷ್ಟೇ, ಫೀಸು ಎಷ್ಟೋ ಅಷ್ಟೇ. ಗ್ಯಾಸಿನ ಬೆಲೆಯೂ ನಮ್ಮ ಕೈಯಲ್ಲಿಲ್ಲ. ಆದರೆ ಒಂದು ಸಿಲಿಂಡರ್ ಎಷ್ಟು ದಿನ ಬರುತ್ತದೆ ಎನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಅದಕ್ಕಾಗಿ ಯಾರೂ ಒಂದು ತುತ್ತು ಕಡಿಮೆ ಉಣ್ಣಬೇಕಿಲ್ಲ, ಸಾರು ತಣ್ಣಗೆ ತಿನ್ನಬೇಕಿಲ್ಲ. ನೀರು ಹೇಗೆ ಕುದಿಯುತ್ತದೆ ಎಂಬುದು ಚೆನ್ನಾಗಿ ಅರ್ಥವಾಗಿದ್ದರೆ ಸಾಕು.

ಮೊದಲು ಸಿಲಿಂಡರನ್ನೇ ನೋಡೋಣ. ನಮ್ಮ ಮನೆಗಳಿಗೆ ಬರುವ ಕೆಂಪು ಸಿಲಿಂಡರಿನಲ್ಲಿ 14.2 ಕಿಲೋ ಎಲ್‌ಪಿಜಿ ಇರುತ್ತದೆ. ಪ್ರೊಪೇನ್, ಬ್ಯೂಟೇನ್ ಎಂಬ ಅನಿಲಗಳನ್ನು ಒತ್ತಡ ಹಾಕಿ ದ್ರವ ಮಾಡಿ ತುಂಬಿರುತ್ತಾರೆ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ, ಅದಕ್ಕೆ 14.2 ಕೂಡಿಸಿದರೆ ತುಂಬಿದ ಸಿಲಿಂಡರಿನ ತೂಕ ಸಿಗುತ್ತದೆ. ಈ ಅನಿಲಗಳಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದೇ ಮರ್‌ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕವನ್ನು ಚೂರೇ ಚೂರು ಬೆರೆಸಿರುತ್ತಾರೆ.

ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿದರೆ ಸುಮಾರು 11,000 ಕಿಲೋಕ್ಯಾಲರಿ ಶಾಖ ಬರುತ್ತದೆ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವೇ ಒಂದು ಕಿಲೋಕ್ಯಾಲರಿ. ಅಷ್ಟೂ ಶಾಖ ಪಾತ್ರೆಗೆ ಹೋಗುವುದಿಲ್ಲ. ಐಎಸ್‌ಐ ಗುರುತಿನ ಒಲೆ ಕನಿಷ್ಠ ನೂರಕ್ಕೆ 68ರಷ್ಟನ್ನಾದರೂ ಪಾತ್ರೆಗೆ ಮುಟ್ಟಿಸಬೇಕು ಎಂದು ನಿಯಮವಿದೆ. ಉಳಿದದ್ದು ಗಾಳಿಗೆ. ಹಾಗಾಗಿ ಒಂದು ಕಿಲೋ ಗ್ಯಾಸಿನಿಂದ ಅಡುಗೆಗೆ ದಕ್ಕುವುದು ಸುಮಾರು 7,500 ಕಿಲೋಕ್ಯಾಲರಿ ಎಂದಿಟ್ಟುಕೊಳ್ಳೋಣ. ಈ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಒಲೆಯ ಮೇಲೆ ಒಂದು ಲೀಟರ್ ನೀರು ಇಟ್ಟಿದ್ದೇವೆ. ನೀರು 25 ಡಿಗ್ರಿಯಲ್ಲಿದೆ, 100 ಡಿಗ್ರಿಗೆ ಕುದಿಯುತ್ತದೆ. ಅಲ್ಲಿಗೆ ಮುಟ್ಟಿಸಲು 75 ಕಿಲೋಕ್ಯಾಲರಿ ಬೇಕು. ಗುಳ್ಳೆಗಳು ಎದ್ದವು, ಕೊತಕೊತ ಕುದಿಯಲು ಶುರುವಾಯಿತು. ಈಗ ಉರಿ ಇನ್ನೂ ಜೋರು ಮಾಡಿದರೆ ನೀರು 105 ಡಿಗ್ರಿ, 110 ಡಿಗ್ರಿ ಆಗುತ್ತದೆಯೇ? ಆಗುವುದಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದರೆ ಪಾದರಸ 100ರಲ್ಲೇ ನಿಂತಿರುತ್ತದೆ. ಒಲೆಯಿಂದ ಶಾಖ ಬರುತ್ತಲೇ ಇದೆ, ನೀರಿನ ಬಿಸಿ ಮಾತ್ರ ಏರುತ್ತಿಲ್ಲ. ಹಾಗಾದರೆ ಆ ಶಾಖ ಎಲ್ಲಿಗೆ ಹೋಯಿತು?

ಇದೇ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಬ್ಲ್ಯಾಕ್ 1760ರ ದಶಕದ ಆರಂಭದಲ್ಲಿ ಹಿಡಿದು ಕೂತರು. ನೀರು ಕುದಿಯಲು ಎಷ್ಟು ಹೊತ್ತು, ಅದೇ ಉರಿಯಲ್ಲಿ ಪೂರ್ತಿ ಆರಿಹೋಗಲು ಎಷ್ಟು ಹೊತ್ತು ಎಂದು ಗಡಿಯಾರ ಇಟ್ಟು ನೋಡಿದರು. ಆರಿಹೋಗಲು ಹಿಡಿದ ಹೊತ್ತು ಹಲವು ಪಟ್ಟು ಹೆಚ್ಚಾಗಿತ್ತು. ನೀರಿನ ಅಣುಗಳು ಒಂದನ್ನೊಂದು ಸೆಳೆದುಕೊಂಡಿರುತ್ತವೆ. ಆ ಸೆಳೆತ ಬಿಡಿಸಿಕೊಂಡು ಆವಿಯಾಗಿ ಹೊರಗೆ ಹಾರಬೇಕಾದರೆ ಶಾಖ ಬೇಕು, ಆದರೆ ಆ ಶಾಖ ಥರ್ಮಾಮೀಟರಿಗೆ ಕಾಣಿಸುವುದಿಲ್ಲ. ಅದಕ್ಕೇ ಅದನ್ನು ಗುಪ್ತೋಷ್ಣ ಎನ್ನುತ್ತೇವೆ. ಒಂದು ಲೀಟರ್ ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 540 ಕಿಲೋಕ್ಯಾಲರಿ ಬೇಕು. 75 ಎಲ್ಲಿ, 540 ಎಲ್ಲಿ! ತಣ್ಣೀರನ್ನು ಕುದಿಸುವುದಕ್ಕಿಂತ ಏಳು ಪಟ್ಟು ಹೆಚ್ಚು.

ನನ್ನ ಮಟ್ಟಿಗೆ ಅಡುಗೆಮನೆಯ ವಿಜ್ಞಾನದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ. ಬೇಳೆಗೆ, ಅನ್ನಕ್ಕೆ, ತರಕಾರಿಗೆ ಬೇಕಾದದ್ದು 100 ಡಿಗ್ರಿಯ ಬಿಸಿ. ಅದು ಸಣ್ಣ ಉರಿಯಲ್ಲಿ ಮೆಲ್ಲಗೆ ಕುದಿಯುವಾಗಲೂ ಅಷ್ಟೇ, ದೊಡ್ಡ ಉರಿಯಲ್ಲಿ ಉಕ್ಕಿ ಉಕ್ಕಿ ಕುದಿಯುವಾಗಲೂ ಅಷ್ಟೇ. ಜೋರು ಉರಿಯಿಂದ ಬೇಳೆ ಬೇಗ ಬೇಯುವುದಿಲ್ಲ, ಕಿಟಕಿಯಾಚೆ ಹೋಗುವ ಆವಿ ಹೆಚ್ಚುತ್ತದೆ, ಅಷ್ಟೇ.

ಅಮ್ಮನನ್ನೋ ಅಪ್ಪನನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು ನೀವೇ ನೋಡಬಹುದು. ಒಂದು ಪಾತ್ರೆಗೆ ನಾಲ್ಕು ಲೋಟ ನೀರು ಅಳೆದು ಹಾಕಿ, ಉರಿ ಹಚ್ಚಿ, ಕುದಿ ಬರಲು ಎಷ್ಟು ನಿಮಿಷ ಆಯಿತು ಎಂದು ಬರೆದುಕೊಳ್ಳಿ. ಉರಿಯನ್ನು ಮುಟ್ಟದೆ ಮತ್ತೆ ಅಷ್ಟೇ ನಿಮಿಷ ಕುದಿಯಲು ಬಿಡಿ. ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಲೋಟದಲ್ಲಿ ಅಳೆಯಿರಿ. ಅಷ್ಟೊಂದು ಗ್ಯಾಸ್ ಉರಿಸಿದರೂ ಮೂರು ಲೋಟಕ್ಕಿಂತ ಹೆಚ್ಚೇ ನೀರು ಉಳಿದಿರುತ್ತದೆ. ನಾಲ್ಕೂ ಲೋಟವನ್ನು ಕುದಿಸಿದಷ್ಟೇ ಶಾಖ, ಒಂದು ಲೋಟವನ್ನೂ ಆವಿ ಮಾಡಲು ಸಾಲಲಿಲ್ಲ.

ಇದನ್ನು ಮನೆಯ ಲೆಕ್ಕಕ್ಕೆ ಇಳಿಸೋಣ. ಮುಚ್ಚಳವಿಲ್ಲದ ಪಾತ್ರೆ, ಕುದಿ ಬಂದ ಮೇಲೂ ಇಳಿಸದ ಉರಿ, ಕುಕ್ಕರಿನ ಬೇಡದ ಕೂಗುಗಳು, ಎಲ್ಲ ಸೇರಿ ದಿನಕ್ಕೆ ಕಾಲು ಲೀಟರ್ ನೀರು ಸುಮ್ಮನೆ ಆವಿಯಾಗಿ ಹೋಯಿತು ಎಂದುಕೊಳ್ಳಿ. ಅಂದರೆ ಒಂದು ದೊಡ್ಡ ಲೋಟ. 540ರಲ್ಲಿ ಕಾಲು ಭಾಗ 135 ಕಿಲೋಕ್ಯಾಲರಿ. ಅದನ್ನು 7,500ರಿಂದ ಭಾಗಿಸಿದರೆ 0.018 ಕಿಲೋ, ಅಂದರೆ 18 ಗ್ರಾಂ ಗ್ಯಾಸು. ಇಷ್ಟೇನಾ ಎನಿಸಬಹುದು. 365ರಿಂದ ಗುಣಿಸಿ: ಆರೂವರೆ ಕಿಲೋ. ವರ್ಷಕ್ಕೆ ಹೆಚ್ಚುಕಡಿಮೆ ಅರ್ಧ ಸಿಲಿಂಡರ್! ಮನೆಯ ಖರ್ಚು ಕೈಮೀರುವುದು ಬಹಳ ಸಲ ಹೀಗೇ, ಯಾರ ಕಣ್ಣಿಗೂ ಬೀಳದ ಸಣ್ಣ ಮೊತ್ತಗಳಲ್ಲಿ.

ಮುಚ್ಚಳ ಹಾಕಿದರೆ ಏನಾಗುತ್ತದೆ? ಮೇಲೆದ್ದ ಆವಿ ಮುಚ್ಚಳಕ್ಕೆ ತಗುಲಿ ಮತ್ತೆ ನೀರಾಗಿ ತೊಟ್ಟಿಕ್ಕುತ್ತದೆ. ನೀರಾಗುವಾಗ ತಾನು ಹೊತ್ತಿದ್ದ ಗುಪ್ತೋಷ್ಣದ ಬಹುಪಾಲನ್ನು ಅಲ್ಲೇ ಬಿಟ್ಟುಕೊಡುತ್ತದೆ. ಇಡ್ಲಿ ಬೇಯುವುದು ಈ ಶಾಖದಿಂದಲೇ. ಹಿಟ್ಟಿಗೆ ಬಂದು ತಾಗಿದ ಆವಿ ನೀರಾಗುತ್ತಾ ತನ್ನ ಶಾಖವನ್ನು ಇಡ್ಲಿಗೆ ಕೊಡುತ್ತದೆ. ಆವಿ ತಗುಲಿದರೆ ಕೈ ಅಷ್ಟು ಕೆಟ್ಟದಾಗಿ ಸುಡುವುದಕ್ಕೂ ಇದೇ ಕಾರಣ. ಹಾಗಾಗಿ ಮುಚ್ಚಳ ತೆಗೆಯುವಾಗ ಯಾವಾಗಲೂ ಮುಖದಿಂದ ದೂರಕ್ಕೆ ವಾಲಿಸಿ ತೆಗೆಯಬೇಕು.

ಆವಿಯನ್ನು ಇನ್ನೂ ಬಿಗಿಯಾಗಿ ಕೂಡಿಹಾಕಿದರೆ ಅದೇ ಕುಕ್ಕರ್. ಅದರ ಮೂಲ ಹಳೆಯದು. ಫ್ರಾನ್ಸಿನ ಡೆನಿ ಪಾಪಾನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿಜ್ಞಾನಿಗಳ ಮುಂದೆ ಇಂಥದೊಂದು ಪಾತ್ರೆ ಇಟ್ಟು, ಗಟ್ಟಿ ಎಲುಬುಗಳನ್ನೂ ಮೆತ್ತಗೆ ಬೇಯಿಸಿ ತೋರಿಸಿದ. ಪಾತ್ರೆ ಸಿಡಿಯದಿರಲಿ ಎಂದು ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ಸೇಫ್ಟಿ ವಾಲ್ವನ್ನೂ ಅವನೇ ಮಾಡಿದ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಎರಡರಷ್ಟಾದಾಗ ನೀರು 100ರ ಬದಲು 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ಆ ಇಪ್ಪತ್ತು ಡಿಗ್ರಿಯಿಂದ ಮುಕ್ಕಾಲು ಗಂಟೆ ಬೇಯುವ ಕಾಳು ಕಾಲು ಗಂಟೆಯಲ್ಲಿ ಬೆಂದುಬಿಡುತ್ತದೆ.

ಇದರ ತಿರುವುಮುರುವೂ ನಿಜ. ಎತ್ತರದ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ, ಆದರೆ ಅಡುಗೆ ತಡವಾಗುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97ರ ಆಸುಪಾಸು. ಮುಳ್ಳಯ್ಯನಗಿರಿಯ ತುದಿಯಲ್ಲಿ ಒಲೆ ಹೂಡಿದರೆ 94ಕ್ಕೇ ಕುದಿಯುತ್ತದೆ. ಮಡಿಕೇರಿಯವರಿಗೆ ಕುಕ್ಕರಿನ ಬೆಲೆ ಮಂಗಳೂರಿನವರಿಗಿಂತ ಸ್ವಲ್ಪ ಹೆಚ್ಚೇ ತಿಳಿದಿರಬೇಕು.

ಕುಕ್ಕರಿನ ಕೂಗು ಅಡುಗೆ ಬೆಂದ ಸದ್ದಲ್ಲ. ಒಳಗಿನ ಒತ್ತಡ ಅಗತ್ಯಕ್ಕಿಂತ ಹೆಚ್ಚಾಯಿತು, ಆವಿ ವೆಯ್ಟನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದೆ ಎನ್ನುವ ಸದ್ದು. ಮೊದಲ ಕೂಗಾದ ಮೇಲೆ ಸಿಮ್ ಮಾಡಿ ಕೆಲವು ನಿಮಿಷ ಬಿಟ್ಟರೆ ಒಳಗಿನ ಬಿಸಿ ಹಾಗೇ ಇರುತ್ತದೆ, ಆವಿ ಹೊರಗೆ ಹೋಗುವುದಿಲ್ಲ. ಆರು ಕೂಗು, ಎಂಟು ಕೂಗು ಎಂದು ಎಣಿಸುವುದಕ್ಕಿಂತ ನಿಮಿಷ ಎಣಿಸುವುದು ಒಳ್ಳೆಯದು. ಅನ್ನ, ಬೇಳೆ, ತರಕಾರಿಯನ್ನು ಒಂದೇ ಕುಕ್ಕರಿನ ಡಬ್ಬಿಗಳಲ್ಲಿ ಒಂದರ ಮೇಲೊಂದು ಇಟ್ಟರೆ ಒಂದೇ ಆವಿ ಮೂರಕ್ಕೂ ಆಯಿತು.

ಕಡಲೆ, ಹುರುಳಿ, ಅಲಸಂದೆಯಂಥ ಕಾಳುಗಳನ್ನು ರಾತ್ರಿಯೇ ನೆನೆಹಾಕುತ್ತಾರಲ್ಲ, ಅದೂ ಗ್ಯಾಸಿನ ಉಳಿತಾಯವೇ. ಒಣ ಕಡಲೆ ಬೇಯಬೇಕಾದರೆ ಮೊದಲು ನೀರು ಸಿಪ್ಪೆ ದಾಟಿ ಒಳಗಿನ ತನಕ ಇಳಿಯಬೇಕು. ಆ ಕೆಲಸ ಒಲೆಯ ಮೇಲೆ ಆದರೆ ಅಷ್ಟು ಹೊತ್ತೂ ಗ್ಯಾಸ್ ಉರಿಯಬೇಕು, ರಾತ್ರಿ ಬಟ್ಟಲಲ್ಲಿ ಆದರೆ ಖರ್ಚೇ ಇಲ್ಲ. ತಕ್ಕಡಿ ಇದ್ದರೆ ನೂರು ಗ್ರಾಂ ಕಡಲೆ ತೂಗಿ ನೆನೆಸಿಡಿ. ಬೆಳಗ್ಗೆ ನೀರು ಬಸಿದು ತೂಗಿದರೆ ಹೆಚ್ಚುಕಡಿಮೆ ಎರಡರಷ್ಟು ತೂಕ ಇರುತ್ತದೆ.

ಕರಾವಳಿಯ ಮನೆಗಳಲ್ಲಿ ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು. ಅಲ್ಲಿ ಅನೇಕರು ಥರ್ಮಲ್ ಕುಕ್ಕರ್ ಬಳಸುತ್ತಾರೆ. ಅಕ್ಕಿ ಒಮ್ಮೆ ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಹಾಗೇ ಎತ್ತಿ, ಶಾಖ ಹೊರಗೆ ಬಿಡದ ದಪ್ಪ ಗೋಡೆಯ ಡಬ್ಬದೊಳಗೆ ಇಟ್ಟು ಮುಚ್ಚಿಬಿಡುವುದು. ಒಲೆ ಆರಿರುತ್ತದೆ, ಅಕ್ಕಿ ಒಳಗೆ ಬೇಯುತ್ತಲೇ ಇರುತ್ತದೆ. ಬೇಯಲು ಬೇಕಾದದ್ದು ಬಿಸಿಯೇ ಹೊರತು ಉರಿಯಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಧನಕ್ಕೆ ತತ್ವಾರವಾದಾಗ ಬ್ರಿಟನ್ನಿನ ಮನೆಗಳಲ್ಲೂ ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬಿಸಿ ಪಾತ್ರೆ ಹುದುಗಿಸಿಟ್ಟು ಅಡುಗೆ ಮಾಡಿದ್ದುಂಟು.

ಗ್ಯಾಸು ಬರುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಸೌದೆ ಒಲೆ. ಸೌದೆಗೆ ಎಷ್ಟೋ ಕಡೆ ದುಡ್ಡು ಕೊಡಬೇಕಿರಲಿಲ್ಲ, ಆದರೆ ಹೆಂಗಸರು, ಹೆಣ್ಣುಮಕ್ಕಳು ಮೈಲಿಗಟ್ಟಲೆ ನಡೆದು ತಲೆಯ ಮೇಲೆ ಹೊತ್ತು ತರಬೇಕಿತ್ತು. ಆ ದುಡಿಮೆ ಯಾವ ಖರ್ಚಿನ ಪಟ್ಟಿಯಲ್ಲೂ ಸೇರುತ್ತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದೇ ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿನವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆಗಳು ಬಿಗಿಯಾಗಿ ಕೂರುತ್ತವೆ. ಮೊದಲ ಪಾತ್ರೆಯ ಕೆಳಗೆ ಉರಿ, ಅದರಿಂದ ಹೊರಟ ಬಿಸಿಗಾಳಿ ಎರಡನೆಯದರ ಕೆಳಗೆ, ಅಲ್ಲಿಂದ ಮೂರನೆಯದರ ಕೆಳಗೆ ಹಾದು, ಕೊನೆಗೆ ಚಿಮಣಿಯಿಂದ ಹೊರಗೆ. ಸೌದೆಯೂ ಉಳಿಯಿತು, ಕಣ್ಣಿಗೆ ಹೊಗೆಯೂ ತಪ್ಪಿತು. ದೊಡ್ಡ ಪ್ರಯೋಗಾಲಯದವರು ಒಂದು ಒಲೆಗಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರಲ್ಲ, ಅದು ನನಗೆ ಬಹಳ ಗೌರವದ ಕೆಲಸವಾಗಿ ಕಾಣುತ್ತದೆ.

ಗ್ಯಾಸ್ ಒಲೆಯಲ್ಲೂ ಪಾತ್ರೆಯ ತಳ ಮೀರಿ ಪಕ್ಕಕ್ಕೆ ಚಾಚಿದ ಉರಿ ಬರೀ ಅಡುಗೆಮನೆಯನ್ನು ಬಿಸಿ ಮಾಡುತ್ತದೆ. ಉರಿ ನೀಲಿಯಾಗಿದ್ದರೆ ಸರಿ. ಹಳದಿಯಾಗಿದ್ದರೆ ಗ್ಯಾಸಿಗೆ ಸಾಕಷ್ಟು ಗಾಳಿ ಸಿಗುತ್ತಿಲ್ಲ, ಪೂರ್ತಿ ಉರಿಯದ ಇಂಗಾಲ ಪಾತ್ರೆಗೆ ಮಸಿಯಾಗಿ ಮೆತ್ತಿಕೊಳ್ಳುತ್ತದೆ. ಆಗ ಬರ್ನರಿನ ತೂತುಗಳನ್ನು ಸ್ವಚ್ಛ ಮಾಡಬೇಕೆಂದು ದೊಡ್ಡವರಿಗೆ ಹೇಳಿ.

ಇನ್ನೊಂದು ಸೊಗಸಾದ ಪರೀಕ್ಷೆ ಇದೆ. ಸಿಲಿಂಡರಿನಲ್ಲಿ ಇನ್ನೆಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯಲು ಒದ್ದೆ ಬಟ್ಟೆಯಿಂದ ಅದರ ಮೈಯನ್ನು ಮೇಲಿನಿಂದ ಕೆಳಗಿನ ತನಕ ಒರೆಸಿ, ಸ್ವಲ್ಪ ಹೊತ್ತು ನೋಡುತ್ತಿರಿ. ಮೇಲಿನ ಭಾಗ ಬೇಗ ಒಣಗುತ್ತದೆ, ಒಳಗೆ ದ್ರವ ಇರುವ ಭಾಗ ಹೆಚ್ಚು ಹೊತ್ತು ಒದ್ದೆಯಾಗಿಯೇ ಇರುತ್ತದೆ. ಒಲೆ ಬಹಳ ಹೊತ್ತು ಉರಿದ ಮೇಲಾದರೆ ಆ ಭಾಗ ಕೈಗೆ ತಣ್ಣಗೂ ತಾಗುತ್ತದೆ. ಒಳಗಿನ ದ್ರವ ಅನಿಲವಾಗುವಾಗ ಅದಕ್ಕೂ ಗುಪ್ತೋಷ್ಣ ಬೇಕಲ್ಲ, ಅದನ್ನು ಸಿಲಿಂಡರಿನ ಮೈಯಿಂದಲೇ ತೆಗೆದುಕೊಳ್ಳುತ್ತದೆ. ಬ್ಲ್ಯಾಕ್ ಹುಡುಕಿದ ಶಾಖ ಇಲ್ಲೂ ಇದೆ.

ಮನೆಗೆ ಹೊಸ ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಗಿದ ದಿನವೂ ಹಾಕಿ. ನೆಂಟರು ಬಂದದ್ದು, ಹಬ್ಬದ ಅಡುಗೆ ಆದದ್ದು ಪಕ್ಕದಲ್ಲಿ ಬರೆದಿರಲಿ, ಇಲ್ಲದಿದ್ದರೆ ಹೋಲಿಕೆ ಸರಿಯಾಗುವುದಿಲ್ಲ. ಮುಂದಿನ ಸಿಲಿಂಡರಿನ ಹೊತ್ತಿಗೆ ಮುಚ್ಚಳ ಹಾಕುವುದನ್ನು, ಕುದಿ ಬಂದೊಡನೆ ‘ಸಿಮ್ ಮಾಡಿ’ ಎಂದು ನೆನಪಿಸುವುದನ್ನು ನಿಮ್ಮ ಕೆಲಸವಾಗಿ ವಹಿಸಿಕೊಳ್ಳಿ. ಎಷ್ಟು ದಿನ ಹೆಚ್ಚು ಬಂತು ಎಂದು ಲೆಕ್ಕ ಹಾಕಿ, ಮನೆಯ ಖರ್ಚಿನ ಡೈರಿಯಲ್ಲಿ ನಿಮ್ಮ ಕೈಯಾರೆ ಬರೆಯಿರಿ.